ಬೆಕ್ಕಿಗೆ ಸ್ನಾನ: ಯಾರ ಸಮಾಧಾನಕ್ಕೆ?

ಬೆಕ್ಕು ಸಾಕಿರುವ ಕೆಲವು ಮನೆಗಳಲ್ಲಿ ಶುಕ್ರವಾರ ಬೆಳಿಗ್ಗೆ ಒಂದು ಸಣ್ಣ ಯುದ್ಧವೇ ನಡೆಯುತ್ತದೆ. ಮಕ್ಕಳನ್ನು ಮೀಯಿಸಿ ಆದ ಮೇಲೆ ಬೆಕ್ಕಿನ ಸರದಿ. ಬಚ್ಚಲಿನ ನೀರಿನ ಸದ್ದು ಕೇಳಿದೊಡನೆ ಅದು ಮಂಚದಡಿಗೆ ಹೋಗಿ ಸೇರುತ್ತದೆ, ಅಲ್ಲಿಂದ ಎಬ್ಬಿಸಿದರೆ ಕಪಾಟಿನ ಮೇಲೆ. ಕೊನೆಗೆ ಹೇಗೋ ಹಿಡಿದು ತಂದು, ಮೈಮೇಲೆ ಎರಡು ತಂಬಿಗೆ ತಣ್ಣೀರು ಸುರಿದು, ಕೈಗೆ ಸಿಕ್ಕಿದ ಸಾಬೂನು ಉಜ್ಜಿ ಬಿಡುತ್ತಾರೆ. ಹೊರಬರುವಾಗ ಬೆಕ್ಕು ಗಡಗಡ ನಡುಗುತ್ತಿರುತ್ತದೆ, ತಾಯಿಯ ಕೈತುಂಬ ಉಗುರಿನ ಗೀರು. ಇಷ್ಟೆಲ್ಲ ಯಾಕೆ ಎಂದು ಕೇಳಿದರೆ ಬರುವ ಉತ್ತರ ಒಂದೇ: "ಮನೆಯಲ್ಲಿ ನಮಾಝ್ ಮಾಡಬೇಡವೇ? ಅದು ಎಲ್ಲೆಲ್ಲೋ ಅಲೆದು ಬರುತ್ತದೆ."

ಮದ್ರಸದಲ್ಲಿ ಪಾಠ ಮಾಡುವವರಿಗೆ ಈ ಮಾತು ಹೊಸತಲ್ಲ. ತಾಯಂದಿರು ಮಕ್ಕಳ ಬಾಯಲ್ಲಿ ಹೇಳಿ ಕಳುಹಿಸುತ್ತಾರೆ. "ಉಸ್ತಾದರೇ, ಬೆಕ್ಕು ಮುಸಲ್ಲಾದ ಮೇಲೆ ಮಲಗಿತ್ತು, ಒಗೆಯಬೇಕಾ ಎಂದು ಉಮ್ಮ ಕೇಳಿದರು." ಇನ್ನೊಂದು ಮಗು ಬಂದು, ಬೆಕ್ಕು ಬಟ್ಟೆಗೆ ತಾಗಿದರೆ ವುಝೂ ಹೋಗುತ್ತದೆಯೇ ಎಂದು ಕೇಳುತ್ತದೆ. ಪ್ರಶ್ನೆ ಚಿಕ್ಕದೇ. ಆದರೆ ಕೆಲವು ಮನೆಗಳಲ್ಲಿ ಈ ಸಂಶಯ ಬೆಳೆದು ಬೆಳೆದು, ಮಕ್ಕಳು ಅಳುತ್ತಿರುವಾಗಲೇ ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ ಮೀನು ಮಾರುಕಟ್ಟೆಯ ಹತ್ತಿರ ಬಿಟ್ಟು ಬರುವಲ್ಲಿಗೆ ಮುಟ್ಟುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕಾಗಿದೆ.

ಬೆಕ್ಕು ನಜಸ್ ಅಲ್ಲ

ಸಹಾಬಿ ಅಬೂ ಖತಾದ(ರ)ರವರ ಮನೆಯಲ್ಲಿ ನಡೆದ ಘಟನೆಯೊಂದನ್ನು ಅವರ ಸೊಸೆ ಕಬ್ಶಾ ವರದಿ ಮಾಡಿದ್ದಾರೆ. ಮಾವನ ವುಝೂವಿಗೆಂದು ಅವರು ನೀರು ತುಂಬಿಸಿಟ್ಟಿದ್ದರು. ಅಷ್ಟರಲ್ಲಿ ಬೆಕ್ಕೊಂದು ಬಂತು. ಅಬೂ ಖತಾದ(ರ)ರವರು ಅದನ್ನು ಓಡಿಸಲಿಲ್ಲ. ಅದಕ್ಕೆ ಕುಡಿಯಲು ಅನುಕೂಲವಾಗುವಂತೆ ಪಾತ್ರೆಯನ್ನೇ ಓರೆ ಮಾಡಿ ಹಿಡಿದರು. ಸೊಸೆ ಬೆರಗಿನಿಂದ ನೋಡುತ್ತಿದ್ದುದನ್ನು ಕಂಡು, ಬೆಕ್ಕು ನಜಸ್ ಅಲ್ಲವೆಂದೂ ಅದು ನಿಮ್ಮ ನಡುವೆ ಸದಾ ಸುತ್ತಾಡಿಕೊಂಡಿರುವ ಜೀವಿಯೆಂದೂ ಪ್ರವಾದಿ(ಸ)ರವರು ಹೇಳಿರುವುದನ್ನು ಅವರಿಗೆ ತಿಳಿಸಿದರು. ಇಮಾಮ್ ಮಾಲಿಕ್‌ರ ಮುವತ್ತಾ, ಅಬೂದಾವೂದ್, ತಿರ್ಮಿದಿ ಮುಂತಾದ ಗ್ರಂಥಗಳಲ್ಲಿ ಈ ಹದೀಸ್ ಇದೆ.

ಅಬೂದಾವೂದ್‌ನಲ್ಲೇ ಇನ್ನೊಂದು ವರದಿಯಿದೆ. ಆಯಿಶಾ(ರ)ರವರಿಗೆ ಒಬ್ಬರು ಹರೀಸ ಕಳುಹಿಸಿಕೊಟ್ಟಿದ್ದರು. ಗೋಧಿ, ಮಾಂಸ ಬೇಯಿಸಿ ಮಾಡುವ ಗಂಜಿಯಂತಹ ತಿನಿಸು ಅದು. ಆಗ ಅವರು ನಮಾಝ್‌ನಲ್ಲಿದ್ದುದರಿಂದ, ಅಲ್ಲಿಡಲು ಸನ್ನೆ ಮಾಡಿದರು. ಬೆಕ್ಕು ಬಂದು ಅದರಲ್ಲಿ ಸ್ವಲ್ಪ ತಿಂದಿತು. ನಮಾಝ್ ಮುಗಿಸಿದ ಆಯಿಶಾ(ರ) ಬೆಕ್ಕು ತಿಂದ ಕಡೆಯಿಂದಲೇ ತಾವೂ ತಿಂದರು. ಬೆಕ್ಕು ಕುಡಿದುಳಿದ ನೀರಿನಲ್ಲಿ ಪ್ರವಾದಿ(ಸ)ರವರು ವುಝೂ ಮಾಡಿದ್ದನ್ನು ತಾವು ಕಂಡಿರುವುದಾಗಿಯೂ ಹೇಳಿದರು.

ಇನ್ನು ಮದ್‌ಹಬ್‌ಗಳ ಮಾತು. ಕರಾವಳಿಯಲ್ಲಿ ಹೆಚ್ಚಿನವರು ಶಾಫಿಈಗಳು. ಘಟ್ಟದ ಮೇಲೆ ಹನಫೀಗಳು ಹೆಚ್ಚು. ಶಾಫಿಈ ಮದ್‌ಹಬ್‌ನಂತೆ ಜೀವಂತ ಬೆಕ್ಕಿನ ಮೈ, ಬೆವರು, ಜೊಲ್ಲು ಎಲ್ಲವೂ ಶುದ್ಧ. ಅದು ಬಾಯಿ ಹಾಕಿದ ನೀರೂ ಶುದ್ಧ. ಇಲಿ ಹಿಡಿದು ಬಾಯಿಗೆ ರಕ್ತ ಮೆತ್ತಿಕೊಂಡದ್ದು ಕಣ್ಣಿಗೆ ಕಾಣುತ್ತಿರುವಾಗಲೇ ನೀರಿಗೆ ಬಾಯಿ ಹಾಕಿದರೆ ಮಾತು ಬೇರೆ. ಆದರೆ ಸ್ವಲ್ಪ ಹೊತ್ತು ಹೊರಗೆ ಹೋಗಿ, ಬೇರೆಲ್ಲಾದರೂ ನೀರು ಕುಡಿದಿರಬಹುದು ಎನ್ನುವಷ್ಟು ಸಮಯದ ನಂತರ ಬಂದರೆ ಬಾಯಿ ಶುದ್ಧವಾಗಿದೆಯೆಂದೇ ಭಾವಿಸಬೇಕು. ನಮ್ಮ ಫುಖಹಾಗಳು ಬೆಕ್ಕಿನ ಮೂತಿಯ ಕುರಿತೂ ಎಷ್ಟು ಆಲೋಚಿಸಿದ್ದಾರೆ ನೋಡಿ! ಹನಫೀ ಮದ್‌ಹಬ್‌ನಲ್ಲಿ ಬೇರೆ ನೀರು ಇರುವಾಗ ಬೆಕ್ಕು ಕುಡಿದುಳಿದ ನೀರನ್ನು ಬಳಸುವುದು ಮಕ್‌ರೂಹ್ ಎನ್ನಲಾಗಿದೆ, ಅಷ್ಟೇ. ನೀರು ನಜಸ್ ಎಂದು ಹೇಳಿಲ್ಲ.

ಉದುರಿದ ಕೂದಲಿನ ವಿಷಯದಲ್ಲಿ ಮಾತ್ರ ಶಾಫಿಈಗಳು ಸ್ವಲ್ಪ ಗಮನಿಸಬೇಕು. ಮಾಂಸ ತಿನ್ನಲು ಅನುಮತಿಯಿಲ್ಲದ ಪ್ರಾಣಿಯ ಮೈಯಿಂದ ಬೇರ್ಪಟ್ಟ ಕೂದಲು ಈ ಮದ್‌ಹಬ್‌ನಲ್ಲಿ ನಜಸ್. ಆದರೆ ಬಟ್ಟೆಯಲ್ಲಿ ಸ್ವಲ್ಪ ಇದ್ದರೆ ಮನ್ನಾ ಇದೆ. ಹನಫೀಗಳಲ್ಲಿ ಈ ಕೂದಲು ಶುದ್ಧವೇ. ಅಂದರೆ, ಮುಸಲ್ಲಾದ ಮೇಲೆ ಬೆಕ್ಕು ಮಲಗಿದ್ದರೆ ಬ್ರಶ್‌ನಿಂದ ಕೊಡವಿ ನಮಾಝ್‌ಗೆ ನಿಂತರಾಯಿತು. ಬೆಕ್ಕನ್ನು ಮುಟ್ಟಿದರೆ ವುಝೂ ಮುರಿಯುವುದಿಲ್ಲ. ಅದರ ಮೂತ್ರ, ಮಲ, ವಾಂತಿ ನಜಸ್ ಎಂಬುದರಲ್ಲಿ ಸಂಶಯವಿಲ್ಲ. ಅವು ತಾಗಿದ ಜಾಗವನ್ನು, ಬಟ್ಟೆಯನ್ನು ತೊಳೆಯಬೇಕು. ಬೆಕ್ಕನ್ನು ಹಿಡಿದು ಮುಳುಗಿಸುವುದರಿಂದ ಬಟ್ಟೆ ಶುದ್ಧವಾಗುವುದಿಲ್ಲ!

ಧರ್ಮದ ಕಾರಣ ಹೇಳಿ ವಾರವಾರವೂ ಬೆಕ್ಕನ್ನು ಮೀಯಿಸುವುದಕ್ಕೆ ಆಧಾರವಿಲ್ಲ ಎಂದು ಇಷ್ಟರಿಂದ ಸ್ಪಷ್ಟ. ಗೋಣಿಚೀಲದವರಿಗೆ ನೆನಪಿಸಬೇಕಾದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಬೆಕ್ಕನ್ನು ಕಟ್ಟಿಹಾಕಿ, ತಾನೂ ಆಹಾರ ಕೊಡದೆ, ನೆಲದ ಹುಳಹುಪ್ಪಟೆ ತಿಂದು ಬದುಕಲೂ ಬಿಡದೆ ಸಾಯಿಸಿದ ಒಬ್ಬ ಸ್ತ್ರೀ ಆ ಕಾರಣಕ್ಕೆ ಶಿಕ್ಷೆಗೆ ಗುರಿಯಾದ ಸಂಗತಿ ಅದು. ಮನೆಯಲ್ಲೇ ಹುಟ್ಟಿ, ತಟ್ಟೆಯಲ್ಲಿ ಅನ್ನ ತಿಂದು ಬೆಳೆದ ಬೆಕ್ಕಿಗೆ ಮಾರುಕಟ್ಟೆಯ ನಾಯಿಗಳ ನಡುವೆ ಬದುಕುವ ದಾರಿ ಎಲ್ಲಿ ಗೊತ್ತಿರುತ್ತದೆ?

ಈ ಸಂದರ್ಭದಲ್ಲಿ ಇನ್ನೊಂದು ಮಾತು. ಪ್ರವಾದಿ(ಸ)ರವರಿಗೆ ಮುಇಝ್ಝಾ ಎಂಬ ಬೆಕ್ಕಿತ್ತು, ಅದರ ನಿದ್ದೆ ಕೆಡಬಾರದೆಂದು ಅಂಗಿಯ ತೋಳನ್ನೇ ಕತ್ತರಿಸಿದರು ಎಂಬ ಕಥೆ ವಾಟ್ಸಪ್‌ನಲ್ಲಿ ತಿರುಗುತ್ತಿರುತ್ತದೆ. ಹದೀಸ್ ಗ್ರಂಥಗಳಲ್ಲಿ ಈ ಕಥೆಯಿಲ್ಲ. ಬೆಕ್ಕಿನ ಮೇಲೆ ಪ್ರೀತಿ ಹುಟ್ಟಿಸಲು ಸಹೀಹ್ ಹದೀಸ್‌ಗಳೇ ಧಾರಾಳ ಇರುವಾಗ ಕಟ್ಟುಕಥೆಯ ಅಗತ್ಯವೇನು? ಅತಿ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಸಹಾಬಿಯನ್ನು ಲೋಕವೆಲ್ಲ ಇಂದಿಗೂ ಕರೆಯುವುದು 'ಬೆಕ್ಕಿನ ಮರಿಯವರು' ಎಂಬ ಅರ್ಥದ ಅಬೂಹುರೈರ ಎಂಬ ಹೆಸರಿನಿಂದಲೇ ತಾನೆ.

ಅದರ ಸ್ನಾನ ಅದರ ನಾಲಗೆಯಲ್ಲಿದೆ

ಬೆಕ್ಕಿನ ನಾಲಗೆ ಕೈಗೆ ತಾಗಿದರೆ ಮರಳು ಕಾಗದದಂತೆ ಒರಟಾಗಿರುತ್ತದೆ. ಅದರ ಮೇಲೆ ಗಂಟಲಿನ ಕಡೆಗೆ ಬಾಗಿದ ಸಣ್ಣ ಸಣ್ಣ ಮುಳ್ಳುಗಳಿವೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಮುಳ್ಳುಗಳ ತುದಿ ಚಮಚದಂತೆ ಪೊಳ್ಳಾಗಿರುವುದನ್ನು ತೋರಿಸಿದರು. ಬೆಕ್ಕು ಮೈ ನೆಕ್ಕುವಾಗ ಈ ಪೊಳ್ಳಿನಲ್ಲಿ ತುಂಬಿಕೊಂಡ ಜೊಲ್ಲು ಕೂದಲಿನ ಬುಡದವರೆಗೂ ಮುಟ್ಟುತ್ತದೆ, ಕೊಳೆಯೂ ಸಡಿಲಗೊಂಡ ಕೂದಲೂ ಮೇಲೆದ್ದು ಬರುತ್ತವೆ. ಎಚ್ಚರವಿರುವ ಹೊತ್ತಿನಲ್ಲಿ ಸುಮಾರು ಕಾಲು ಭಾಗವನ್ನು ಬೆಕ್ಕು ಇದಕ್ಕೇ ಕಳೆಯುತ್ತದೆ. ನಮ್ಮಲ್ಲಿ ಎಷ್ಟು ಜನ ಶುಚಿತ್ವಕ್ಕೆ ಅಷ್ಟು ಸಮಯ ಕೊಡುತ್ತೇವೆ?

ಹಾಗಾದರೆ ನೀರೆಂದರೆ ಅದಕ್ಕೇಕೆ ಅಷ್ಟು ಭಯ? ಮನೆಬೆಕ್ಕಿನ ಮೂಲ ಪಶ್ಚಿಮ ಏಶ್ಯ, ಉತ್ತರ ಆಫ್ರಿಕಗಳ ಒಣನಾಡಿನ ಕಾಡುಬೆಕ್ಕು. ನದಿ ಈಜಿ ಬೇಟೆಯಾಡುವ ಅಭ್ಯಾಸ ಆ ವಂಶಕ್ಕಿಲ್ಲ. ಬಾತುಕೋಳಿಯ ಗರಿಯಂತೆ ಬೆಕ್ಕಿನ ಕೂದಲು ನೀರನ್ನು ಜಾರಿಸುವುದಿಲ್ಲ, ಹೀರಿಕೊಂಡು ಭಾರವಾಗುತ್ತದೆ. ಹಾರಲಾಗದು, ಓಡಲಾಗದು, ಚಳಿ ಬೇರೆ. ಜೊತೆಗೆ ಬೆಕ್ಕು ತನ್ನ ಮನೆ, ತನ್ನ ಜನ ಎಂದು ಗುರುತಿಸುವುದು ವಾಸನೆಯಿಂದ. ಪರಿಮಳದ ಸಾಬೂನಿನಲ್ಲಿ ಮಿಂದ ಬೆಕ್ಕನ್ನು ಕೆಲವೊಮ್ಮೆ ಅದೇ ಮನೆಯ ಇನ್ನೊಂದು ಬೆಕ್ಕು ಬುಸುಗುಟ್ಟಿ ಓಡಿಸುವುದುಂಟು. ಅದರ ಹಟವನ್ನು ಸೊಕ್ಕು ಎಂದುಕೊಳ್ಳಬೇಡಿ. ಅದು ಹೆದರಿಕೆ.

ಮೀಯಿಸಲೇಬೇಕಾದ ಸಂದರ್ಭ

ಆರೋಗ್ಯವಾಗಿರುವ, ಗಿಡ್ಡ ಕೂದಲಿನ ನಾಡಬೆಕ್ಕಿಗೆ ಸ್ನಾನವೇ ಬೇಡವೆಂದರೂ ನಡೆದೀತು. ವಾರಕ್ಕೆ ಎರಡು ಸಲ ಬಾಚಣಿಗೆಯಿಂದ ಬಾಚಿದರೆ ಸಾಕು. ಮಳೆಗಾಲದಲ್ಲಿ ಕೆಸರು ಮೆತ್ತಿಕೊಂಡು ಬಂದರೆ ಒದ್ದೆ ಬಟ್ಟೆಯಿಂದ ಕಾಲು ಹೊಟ್ಟೆ ಒರೆಸಿ, ಒಣ ಟವೆಲಿನಿಂದ ಉಜ್ಜಿ ಬಿಡಿ.

ಪರ್ಶಿಯನ್ ಬೆಕ್ಕಿನ ವಿಷಯ ಬೇರೆ. ಈಗ ನಮ್ಮ ಮನೆಗಳಲ್ಲೂ ಇವು ಹೆಚ್ಚಾಗಿವೆ. ಅದರ ಉದ್ದ ಕೂದಲನ್ನು ನಾಲಗೆಯಿಂದ ಪೂರ್ತಿ ನಿಭಾಯಿಸಲು ಅದಕ್ಕಾಗುವುದಿಲ್ಲ. ಕಂಕುಳಲ್ಲಿ, ಕಿವಿಯ ಹಿಂದೆ, ಬಾಲದ ಬುಡದಲ್ಲಿ ಕೂದಲು ಗಂಟು ಕಟ್ಟಿ ಚರ್ಮ ಎಳೆದಂತಾಗಿ ನೋಯುತ್ತದೆ. ಇದನ್ನು ದಿನಾಲೂ ಬಾಚಬೇಕು, ನಾಲ್ಕರಿಂದ ಆರು ವಾರಕ್ಕೊಮ್ಮೆ ಮೀಯಿಸಬೇಕು. ಅದಕ್ಕೆ ಪುರುಸೊತ್ತಿಲ್ಲದವರು ಪರ್ಶಿಯನ್ ತರುವ ಆಸೆ ಬಿಡುವುದೇ ಒಳ್ಳೆಯದು. ಸೆಕೆಯ ಊರಿಗೆ ಆ ಉಣ್ಣೆಯಂತಹ ಮೈ ಹೇಳಿಸಿದ್ದೂ ಅಲ್ಲ.

ಮುದಿ ಬೆಕ್ಕಿಗೆ, ವಿಪರೀತ ದಪ್ಪಗಾದ ಬೆಕ್ಕಿಗೆ ಬೆನ್ನಿನವರೆಗೆ ಬಾಗಿ ನೆಕ್ಕಿಕೊಳ್ಳಲಾಗುವುದಿಲ್ಲ. ಅವಕ್ಕೂ ನಮ್ಮ ಸಹಾಯ ಬೇಕು. ಮೈಯಲ್ಲಿ ಗುಂಡಗೆ ಕೂದಲು ಉದುರಿ ಹುಳಕಡ್ಡಿ ಕಾಣಿಸಿಕೊಂಡರೆ ಪಶುವೈದ್ಯರು ಔಷಧದ ಶಾಂಪೂ ಬರೆದುಕೊಡಬಹುದು. ಇದು ಮಕ್ಕಳಿಗೂ ಹರಡುವ ರೋಗ, ತಡ ಮಾಡಬಾರದು. ಗಾಡಿಯಡಿ ಮಲಗಿ ಆಯಿಲ್ ಮೆತ್ತಿಕೊಂಡರೆ, ಪೈಂಟ್ ಅಥವಾ ಸೀಮೆಎಣ್ಣೆ ಮೈಮೇಲೆ ಚೆಲ್ಲಿದರೆ ತಕ್ಷಣ ತೊಳೆಯಲೇಬೇಕು. ಕಾರಣ, ಮೈಮೇಲೆ ಏನೇ ಬಿದ್ದರೂ ಬೆಕ್ಕು ಅದನ್ನು ನೆಕ್ಕಿ ಹೊಟ್ಟೆಗೆ ಸೇರಿಸುತ್ತದೆ. ತೊಳೆಯುವವರೆಗೆ ಟವೆಲಿನಲ್ಲಿ ಸುತ್ತಿ ನೆಕ್ಕದಂತೆ ನೋಡಿಕೊಳ್ಳಿ, ಆಮೇಲೆ ವೈದ್ಯರಿಗೆ ತೋರಿಸಿ. ಹಲಸಿನ ಮೇಣವೋ ಇಲಿ ಹಿಡಿಯುವ ಅಂಟೋ ಮೆತ್ತಿಕೊಂಡಿದ್ದರೆ ಕತ್ತರಿ ಹಿಡಿಯಬೇಡಿ. ಹಲಸು ಬಿಡಿಸುವಾಗ ನಮ್ಮ ಕೈಗೆ ಮಾಡುವಂತೆಯೇ ತೆಂಗಿನೆಣ್ಣೆ ಹಚ್ಚಿ ಸಡಿಲಿಸಿ, ನಂತರ ತೊಳೆಯಿರಿ.

ಎರಡು ತಿಂಗಳು ತುಂಬದ ಮರಿಯನ್ನು, ಕಾಯಿಲೆ ಬಿದ್ದಿರುವುದನ್ನು, ಮರಿ ಹಾಕುವ ದಿನ ಹತ್ತಿರವಿರುವುದನ್ನು, ಆಪರೇಶನ್ ಆಗಿ ಹೊಲಿಗೆ ಇರುವುದನ್ನು ಮೀಯಿಸಬಾರದು.

ಕಪಾಟಿನಲ್ಲಿರುವ ವಿಷ

ಸ್ನಾನಕ್ಕಿಂತಲೂ ಅಪಾಯಕಾರಿ ಎಂದರೆ ಸ್ನಾನಕ್ಕೆ ನಾವು ಬಳಸುವ ವಸ್ತುಗಳು. ಮನುಷ್ಯರ, ಅಷ್ಟೇಕೆ ನಾಯಿಗಳ ಲಿವರ್ ಕೂಡ ಸುಲಭವಾಗಿ ಕರಗಿಸಿ ಹೊರಹಾಕುವ ಎಷ್ಟೋ ರಾಸಾಯನಿಕಗಳನ್ನು ಬೆಕ್ಕಿನ ಲಿವರ್‌ಗೆ ಹೊರಹಾಕಲಾಗುವುದಿಲ್ಲ. ಅದಕ್ಕೆ ಬೇಕಾದ ಕಿಣ್ವವೊಂದು ಬೆಕ್ಕಿನಲ್ಲಿ ತೀರಾ ಕಡಿಮೆ. ಹೀಗಾಗಿ ಗಾಯ ತೊಳೆಯಲು ನಾವು ಬಳಸುವ ಡೆಟಾಲ್‌ನಂತಹ ದ್ರಾವಣವನ್ನು "ಕ್ರಿಮಿ ಸಾಯಲಿ" ಎಂದು ಬೆಕ್ಕಿನ ನೀರಿಗೆ ಹಾಕಿದರೆ ಅದು ವಿಷವಾಗುತ್ತದೆ. ಫಿನಾಯಿಲ್ ಕೂಡ ಹಾಗೆಯೇ. ನೆಲ ಒರೆಸಿದ ಮೇಲೆ ಒಣಗುವ ತನಕ ಬೆಕ್ಕನ್ನು ಆ ಕೋಣೆಗೆ ಬಿಡಬೇಡಿ. ಒದ್ದೆ ನೆಲದಲ್ಲಿ ನಡೆದು ಮತ್ತೆ ಪಾದ ನೆಕ್ಕುತ್ತದೆ. ನೀಲಗಿರಿ ಎಣ್ಣೆ, ಕರ್ಪೂರಗಳೂ ಬೇಡ.

ಚಿಗಟ ಆಗಿದೆಯೆಂದು ಮಕ್ಕಳ ಹೇನಿಗೆ ತಂದ ಲೋಶನ್ನನ್ನೋ ನಾಯಿಗೆ ಹಾಕುವ ಚಿಗಟದ ಔಷಧವನ್ನೋ ಹಚ್ಚುವವರಿದ್ದಾರೆ. ಇವುಗಳಲ್ಲಿ ಹಲವದರಲ್ಲಿ ಪರ್ಮೆತ್ರಿನ್ ಎಂಬ ಕೀಟನಾಶಕ ಇರುತ್ತದೆ. ಅದು ತಾಗಿದ ಬೆಕ್ಕಿಗೆ ಮೈ ಅದುರಲಾರಂಭಿಸಿ, ಫಿಟ್ಸ್ ಬಂದು, ಪ್ರಾಣವೇ ಹೋಗಬಹುದು. ಚಿಗಟಕ್ಕೆ ಬೆಕ್ಕಿಗೆಂದೇ ಮಾಡಿದ ಔಷಧವನ್ನು ವೈದ್ಯರನ್ನು ಕೇಳಿ ಹಾಕಬೇಕು. ಸ್ನಾನದ ಮಾತಲ್ಲವಾದರೂ ಹೇಳಿಬಿಡುತ್ತೇನೆ: ಬೆಕ್ಕಿಗೆ ಜ್ವರವೆಂದು ಪ್ಯಾರಸಿಟಮಾಲ್ ಕೊಡಲೇಬೇಡಿ. ಒಂದೇ ಮಾತ್ರೆ ಕೊಲ್ಲಬಲ್ಲದು.

ನಮ್ಮ ಸಾಬೂನು, ಶಾಂಪೂಗಳೂ ಬೆಕ್ಕಿನ ಚರ್ಮಕ್ಕೆ ಹಿಡಿಸುವುದಿಲ್ಲ, ಒಣಗಿ ತುರಿಕೆ ಬರುತ್ತದೆ. ಬೆಕ್ಕಿನ ಶಾಂಪೂ ಸಿಗದಿದ್ದರೆ ಬರೀ ಉಗುರು ಬೆಚ್ಚಗಿನ ನೀರೇ ಮೇಲು.

ಹಟಮಾರಿಯನ್ನು ಒಲಿಸುವ ಬಗೆ

ಕೆಲಸ ಹಿಂದಿನ ದಿನವೇ ಶುರುವಾಗಬೇಕು. ಬೆಕ್ಕು ತೂಕಡಿಸುತ್ತಿರುವಾಗ ಪಾದದ ಗದ್ದುಗೆಯನ್ನು ಮೆಲ್ಲನೆ ಒತ್ತಿದರೆ ಉಗುರು ಹೊರಬರುತ್ತದೆ. ಅದರ ಬಿಳಿ ತುದಿಯನ್ನು ಮಾತ್ರ ಕತ್ತರಿಸಿ. ಒಳಗೆ ಗುಲಾಬಿಯಾಗಿ ಕಾಣುವಲ್ಲಿ ರಕ್ತನಾಳವಿದೆ, ಅಲ್ಲಿಗೆ ಹೋಗಬೇಡಿ. ಒಂದೇ ಸಲಕ್ಕೆ ಎಲ್ಲ ಉಗುರು ಆಗಲಿಲ್ಲವೆಂದರೆ ಉಳಿದದ್ದು ಸಂಜೆಗೆ. ಚೆನ್ನಾಗಿ ಬಾಚಿ ಗಂಟುಗಳನ್ನು ಬಿಡಿಸಿ. ಒದ್ದೆಯಾದರೆ ಗಂಟು ಇನ್ನಷ್ಟು ಬಿಗಿಯಾಗುತ್ತದೆ. ಸ್ನಾನಕ್ಕೆ ನಾಲ್ಕೈದು ದಿನ ಮೊದಲಿಂದಲೇ ನೀರಿಲ್ಲದ ಬೇಸಿನ್ನಿನಲ್ಲಿ ಉಪ್ಪು ಖಾರ ಹಾಕದೆ ಬೇಯಿಸಿದ ಬೂತಾಯಿಯ ಒಂದು ಚೂರು ಇಟ್ಟು ಅಲ್ಲೇ ತಿನ್ನಿಸಿದರೆ ಬೇಸಿನ್ನಿನ ಮೇಲಿನ ಅರ್ಧ ಭಯ ಅಲ್ಲೇ ಹೋಗುತ್ತದೆ. ಅಡುಗೆಯ ಸಾರಿನ ಮೀನು ಕೊಡಬೇಡಿ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿಗೆ ಆಗದು.

ಮೀಯಿಸುವ ದಿನ ಬಿಸಿಲೇರಿದ ಮೇಲೆ, ಅದು ಆಡಿ ದಣಿದಿರುವ ಹೊತ್ತು ನೋಡಿ. ಇಬ್ಬರಿರಬೇಕು. ಒಬ್ಬರು ಹಿಡಿಯಲು, ಒಬ್ಬರು ನೀರು ಹಾಕಲು. ಮಕ್ಕಳ ಗುಂಪು ಬಾಗಿಲಾಚೆ ಇರಲಿ. ನೀರು, ಟವೆಲು, ಶಾಂಪೂ ಎಲ್ಲವನ್ನೂ ಮೊದಲೇ ಜೋಡಿಸಿಟ್ಟು, ಬೆಕ್ಕನ್ನು ಕೊನೆಗೆ ತಂದು ಬಾಗಿಲು ಹಾಕಿಕೊಳ್ಳಿ. ಅದರ ಮುಂದೆ ನಲ್ಲಿ ತಿರುಗಿಸಬಾರದು, ಆ ಸದ್ದಿಗೇ ಅರ್ಧ ಗಲಾಟೆ. ಬೆಕ್ಕಿನ ಮೈಬಿಸಿ ನಮಗಿಂತ ಹೆಚ್ಚು, 38ರಿಂದ 39 ಡಿಗ್ರಿ ಸೆಲ್ಸಿಯಸ್. ಆದ್ದರಿಂದ ನಮಗೆ ಹಿತವೆನಿಸುವ ತಣ್ಣೀರು ಅದಕ್ಕೆ ಕೊರೆಯುತ್ತದೆ. ಕೂಸಿಗೆ ಹದ ಮಾಡುವಂತೆ ಮೊಣಕೈ ಅದ್ದಿ ನೋಡಿ, ಉಗುರು ಬೆಚ್ಚಗಿದ್ದರೆ ಸರಿ.

ಬೇಸಿನ್ನಿನ ತಳಕ್ಕೆ ಹಳೆಯ ಟವೆಲು ಹಾಸಲು ಮರೆಯಬೇಡಿ. ಇದು ಎಲ್ಲಕ್ಕಿಂತ ಮುಖ್ಯ ಎಂದೇ ನನ್ನ ಅಭಿಪ್ರಾಯ. ಕಾಲು ಜಾರತೊಡಗಿದರೆ ಬೆಕ್ಕು ಸಿಕ್ಕಿದ್ದನ್ನು ಹಿಡಿಯುತ್ತದೆ, ಆಗ ಸಿಗುವುದು ನಿಮ್ಮ ಕೈ. ಉಗುರು ಊರಲು ಬಟ್ಟೆ ಸಿಕ್ಕರೆ ಎಷ್ಟೋ ಬೆಕ್ಕುಗಳು ಅಳುತ್ತಲಾದರೂ ನಿಂತುಕೊಳ್ಳುತ್ತವೆ. ನೀರು ಎರಡು ಮೂರು ಇಂಚು ಸಾಕು. ಕುತ್ತಿಗೆಯ ತೊಗಲು ಹಿಡಿದು ಎತ್ತುವ ಪದ್ಧತಿ ತಾಯಿಬೆಕ್ಕು ಮರಿಗೆ ಮಾಡುವುದು, ಬೆಳೆದ ಬೆಕ್ಕಿಗೆ ಅದರಿಂದ ನೋವೂ ಭಯವೂ ಆಗುತ್ತದೆ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲಿನ ಬಳಿ ಇರಲಿ. ಸಣ್ಣ ಲೋಟದಿಂದ ಹೆಗಲಿನಿಂದ ಹಿಂದಕ್ಕೆ ನೀರು ಹಾಕುತ್ತಾ ಬನ್ನಿ. ತಲೆಯ ಮೇಲೆ ಸುರಿಯಬಾರದು, ಕಿವಿಗೆ ನೀರು ಹೋಗಬಾರದು. ಮುಖಕ್ಕೆ ಒದ್ದೆ ಬಟ್ಟೆ ಸಾಕು. ಶಾಂಪೂವನ್ನು ಮೊದಲೇ ನೀರಿನಲ್ಲಿ ಬೆರೆಸಿಟ್ಟುಕೊಂಡರೆ ಬೇಗ ಮುಗಿಯುತ್ತದೆ. ಚೂರೂ ಉಳಿಯದಂತೆ ಎರಡು ಸಲ ತೊಳೆಯಿರಿ. ಒಟ್ಟು ಐದಾರು ನಿಮಿಷ.

ನಡುವೆ ಕಿವಿಯನ್ನು ತಲೆಗೆ ಅಂಟಿಸಿ ಬಾಲ ಬಡಿಯತೊಡಗಿದರೆ ಸ್ವಲ್ಪ ತಡೆದು ಮಾತಾಡಿಸಿ. ಬಾಯಿ ತೆರೆದು ನಾಯಿಯಂತೆ ಏದುಸಿರು ಬಿಟ್ಟರೆ ಅಲ್ಲಿಗೇ ನಿಲ್ಲಿಸಿ, ಸಾಬೂನು ಇದ್ದರೆ ತೊಳೆದು ಟವೆಲಿನಲ್ಲಿ ಸುತ್ತಿ. ಅಂಥ ಬೆಕ್ಕಿಗೆ ಮುಂದಿನ ಸಲ ಒದ್ದೆ ಬಟ್ಟೆಯ ಒರೆಸುವಿಕೆಯೇ ಸ್ನಾನ.

ಗೀರಿದರೆ

ಉಗುರು ತಾಗಿದ ಗಾಯವನ್ನು "ನಮ್ಮದೇ ಬೆಕ್ಕು, ಏನಾಗುತ್ತದೆ" ಎಂದು ಬಿಟ್ಟುಬಿಡುವ ಹೆಂಗಸರೇ ಹೆಚ್ಚು. ರೇಬಿಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರುತ್ತದೆ. ಕಚ್ಚಿದ ಅಥವಾ ಗೀರಿದ ಜಾಗವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯಬೇಕು. ಅರಸಿನ, ಕಾಫಿಪುಡಿ, ಸುಣ್ಣ ಏನನ್ನೂ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ತೋರಿಸಿ, ಲಸಿಕೆ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ. ರಕ್ತ ಬರದ ಸಣ್ಣ ಗೀರಿಗೂ ಲಸಿಕೆ ಬೇಕಾಗಬಹುದು. ಬೆಕ್ಕಿಗೆ ಮೂರು ತಿಂಗಳಾದಾಗ ರೇಬಿಸ್ ಚುಚ್ಚುಮದ್ದು ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸುತ್ತಿದ್ದರೆ ಈ ಚಿಂತೆ ಬಹಳ ಮಟ್ಟಿಗೆ ತಗ್ಗುತ್ತದೆ.

ಸೊಸೆ ಬಸುರಿಯಾದೊಡನೆ ಬೆಕ್ಕನ್ನು ಹೊರಹಾಕುವ, ಇಲ್ಲವೇ ದಿನಾಲೂ ಮೀಯಿಸುವ ಮನೆಗಳಿವೆ. ಇಲ್ಲಿ ಭಯಕ್ಕೆ ಕಾರಣವಾದ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಇರುವುದು ಬೆಕ್ಕಿನ ಮಲದಲ್ಲಿ, ಕೂದಲಿನಲ್ಲಲ್ಲ. ಮಲದಲ್ಲಿ ಹೊರಬಿದ್ದ ಅದು ಸೋಂಕು ತಗಲಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ಮರಳಿನ ಡಬ್ಬವನ್ನು ದಿನಾಲೂ ಸ್ವಚ್ಛ ಮಾಡಬೇಕು, ಆ ಕೆಲಸವನ್ನು ಬಸುರಿಯ ಬದಲು ಗಂಡನೋ ಅತ್ತೆಯೋ ಮಾಡಬೇಕು. ಹಸಿ ಮಾಂಸ ಮುಟ್ಟಿದ ಮೇಲೆ ಕೈ ತೊಳೆಯುವುದು, ಮಾಂಸವನ್ನು ಪೂರ್ತಿ ಬೇಯಿಸುವುದು, ತರಕಾರಿ ಸೊಪ್ಪನ್ನು ಚೆನ್ನಾಗಿ ತೊಳೆಯುವುದು ಇದಕ್ಕಿಂತಲೂ ಮುಖ್ಯ, ಏಕೆಂದರೆ ಆ ದಾರಿಯಿಂದಲೂ ಈ ಸೋಂಕು ಬರುತ್ತದೆ. ಬೆಕ್ಕಿನ ಮೈಗೆ ನೀರು ಸುರಿದು ಇದಕ್ಕೆ ಪ್ರಯೋಜನವಿಲ್ಲ.

ಮಿಂದ ಬೆಕ್ಕನ್ನು ಟವೆಲಿನಿಂದ ಒತ್ತಿ ಒತ್ತಿ ಒರೆಸಿ, ಉಜ್ಜಬೇಡಿ. ಫ್ಯಾನ್ ಆಫ್ ಮಾಡಿ ಬೆಚ್ಚಗಿನ ಕೋಣೆಯಲ್ಲೋ ಬಿಸಿಲು ಬೀಳುವ ಜಗಲಿಯಲ್ಲೋ ಬಿಡಿ. ಹೇರ್ ಡ್ರೈಯರ್‌ನ ಸದ್ದಿಗೆ ಹೆಚ್ಚಿನವು ಹೆದರುತ್ತವೆ. ಬೇಯಿಸಿದ ಮೀನಿನ ಇನ್ನೊಂದು ಚೂರು ಅಲ್ಲೇ ಪಕ್ಕದಲ್ಲಿಡಿ, ಎತ್ತಿ ಮುದ್ದಿಸಲು ಹೋಗಬೇಡಿ. ಅದು ನಿಮ್ಮ ಕಡೆ ಬೆನ್ನು ಹಾಕಿ ಕುಳಿತು, ನೀವು ಅಷ್ಟು ಕಷ್ಟಪಟ್ಟು ತೊಳೆದ ಮೈಯನ್ನು ಮತ್ತೆ ಮೊದಲಿನಿಂದ ನೆಕ್ಕತೊಡಗುತ್ತದೆ. ಒಂದು ಗಂಟೆಯಾದರೂ ಬೇಕು ಅದಕ್ಕೆ.